ಹಿಟ್ಲರ್ ಓಡಿಸಿದವರು, ಬೆಂಗಳೂರಿಗೆ ಬಂದವರು

ಇನ್ನಂಜೆಯಿಂದ ಹಿಡಿದು ಕಾಪು, ಉಡುಪಿ, ಕಾರ್ಕಳದವರೆಗೆ ಹಳೆಯ ಮನೆಗಳ ಮಾಡಿನ ಮೇಲೆ ಕಾಣುವ ಕೆಂಪು ಹಂಚಿಗೆ ಜರ್ಮನಿಯ ನಂಟಿದೆ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ 1865ರಲ್ಲಿ ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯಿಂದಲೇ 'ಮಂಗಳೂರು ಹಂಚು' ಎಂಬ ಹೆಸರು ಲೋಕಪ್ರಸಿದ್ಧವಾಯಿತು. ಮಲ್ಪೆಯಲ್ಲೂ ಮಿಶನ್ನಿನ ಹಂಚಿನ ಕಾರ್ಖಾನೆ ಇತ್ತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೊಗ್ಲಿಂಗ್, 1894ರಲ್ಲಿ ಕನ್ನಡಕ್ಕೆ ಮಹಾ ನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್, ಇಬ್ಬರೂ ಜರ್ಮನರು. ಕರಾವಳಿಯ ಜನರಿಗೆ ಜರ್ಮನ್ ಎಂದರೆ ಪಾದ್ರಿ, ಅಚ್ಚುಕೂಟ, ಹಂಚು, ಶಾಲೆ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಈ ಪರಿಚಯ ಲೆಕ್ಕಕ್ಕೆ ಬರಲಿಲ್ಲ. ಬ್ರಿಟಿಷ್ ಸರಕಾರಕ್ಕೆ ಆ ಪಾದ್ರಿಗಳು ಶತ್ರು ದೇಶದ ಪ್ರಜೆಗಳಾದರು. ಅವರನ್ನು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಕಳುಹಿಸಲಾಯಿತು. ಮುಂದೆ ಹಡಗು ಹತ್ತಿಸಿ ಯುರೋಪಿಗೆ ಸಾಗಿಸಲಾಯಿತು. ಮಿಶನ್ನಿನ ಹಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಕೈತಪ್ಪಿ, ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದವು. ಹತ್ತಾರು ವರ್ಷ ನೆರೆಕರೆಯಲ್ಲಿ ಬಾಳಿದವರು ಒಂದು ಪಾಸ್‌ಪೋರ್ಟಿನ ಕಾರಣದಿಂದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಪರಕೀಯರಾದದ್ದನ್ನು ಕರಾವಳಿ ಆಗಲೇ ಕಂಡಿತ್ತು.

ಇದಾದ ಇಪ್ಪತ್ತು ವರ್ಷಗಳ ಬಳಿಕ ಕನ್ನಡನಾಡಿಗೆ ಬೇರೊಂದು ಬಗೆಯ ಜರ್ಮನರು ಬಂದರು. ಇವರು ಧರ್ಮಪ್ರಚಾರಕ್ಕೆ ಬಂದವರಲ್ಲ, ವ್ಯಾಪಾರಕ್ಕೂ ಬಂದವರಲ್ಲ. ಯೆಹೂದಿಗಳಾಗಿ ಹುಟ್ಟಿದರೆಂಬ ಒಂದೇ ಕಾರಣಕ್ಕೆ ಸ್ವಂತ ದೇಶ ಇವರನ್ನು ಹೊರಗಟ್ಟಿತ್ತು. ಅವರಲ್ಲಿ ಇಬ್ಬರು ಒಂದೇ ಕುಟುಂಬದವರು, ಸೋದರಮಾವ ಮತ್ತು ಸೋದರಳಿಯ. ಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಅಳಿಯ ವಾಸ್ತುಶಿಲ್ಪಿ ಓಟೋ ಕೋನಿಗ್ಸ್‌ಬರ್ಗರ್. ಮಾವನಿಗೆ ಬೆಂಗಳೂರಿನಲ್ಲಿ ಅವಮಾನವಾಯಿತು, ಅಳಿಯನಿಗೆ ಅದೇ ಊರಿನಲ್ಲಿ ಆಶ್ರಯ ದೊರೆಯಿತು. ದ್ವೇಷಕ್ಕೆ ಬಲಿಯಾದವರನ್ನು ಸ್ಮರಿಸುವುದೆಂದರೆ ಏನು ಎಂಬ ಪ್ರಶ್ನೆಗೆ ಈ ಎರಡು ಘಟನೆಗಳಲ್ಲಿ ಉತ್ತರದ ಎಳೆ ಇದೆ.

ಪತ್ರಿಕೆಯಲ್ಲಿ ಬಂದ ಹೆಸರು

ಅಡಾಲ್ಫ್ ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದದ್ದು 1933ರ ಜನವರಿ 30ರಂದು. ಎರಡೇ ತಿಂಗಳು ಕಳೆದು, ಏಪ್ರಿಲ್ 7ರಂದು ಸರಕಾರಿ ನೌಕರಿಯ ಕುರಿತಾದ ಹೊಸ ಕಾನೂನು ಬಂದಿತು. ಅದರ ಪ್ರಕಾರ 'ಆರ್ಯ'ರಲ್ಲದವರು ಸರಕಾರಿ ಸೇವೆಯಲ್ಲಿ ಇರುವಂತಿಲ್ಲ. ಅಜ್ಜ-ಅಜ್ಜಿಯರಲ್ಲಿ ಒಬ್ಬರು ಯೆಹೂದಿಯಾಗಿದ್ದರೂ ಸಾಕು, ಆತ 'ಆರ್ಯನಲ್ಲ'. ಜರ್ಮನಿಯಲ್ಲಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ಸರಕಾರಿ ನೌಕರರೇ ಆದ್ದರಿಂದ ಈ ಕತ್ತಿ ಮೊದಲು ಬಿದ್ದದ್ದು ಕಚೇರಿಗಳ ಮೇಲೆ, ಕಾಲೇಜುಗಳ ಮೇಲೆ, ಆಸ್ಪತ್ರೆಗಳ ಮೇಲೆ.

ಗಾಟಿಂಗೆನ್ ವಿಶ್ವವಿದ್ಯಾನಿಲಯ ಆಗ ಗಣಿತ ಮತ್ತು ಭೌತವಿಜ್ಞಾನಕ್ಕೆ ಜಗತ್ತಿನಲ್ಲೇ ಹೆಸರಾದ ಕೇಂದ್ರ. ಅಣುವಿನ ಒಳಗಿನ ವ್ಯವಹಾರವನ್ನು ವಿವರಿಸುವ ಕ್ವಾಂಟಂ ಸಿದ್ಧಾಂತ ರೂಪುಗೊಂಡ ತಾಣಗಳಲ್ಲಿ ಅದೂ ಒಂದು. ಅಲ್ಲಿನ ಭೌತವಿಜ್ಞಾನದ ಪ್ರಾಧ್ಯಾಪಕ ಮ್ಯಾಕ್ಸ್ ಬಾರ್ನ್ ತಮ್ಮನ್ನು ಸೇವೆಯಿಂದ ದೂರವಿಟ್ಟ ಸುದ್ದಿಯನ್ನು ಆ ಏಪ್ರಿಲ್ ತಿಂಗಳ ಕೊನೆಯಲ್ಲಿ ತಿಳಿದದ್ದು ಪತ್ರಿಕೆ ಓದಿ. ಅಯೋಗ್ಯರೆಂದು ಘೋಷಿತರಾದವರ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಬಾರ್ನ್ ಆಗ ಐವತ್ತು ವರ್ಷದ ಹಿರಿಯರು. ಹೈಸನ್‌ಬರ್ಗ್ ಅವರಂಥ ಪ್ರತಿಭಾವಂತರನ್ನು ಸಹಾಯಕರಾಗಿ ಪಡೆದು ಬೆಳೆಸಿದವರು. ಗಣಿತಜ್ಞೆ ಎಮ್ಮಿ ನೋಥರ್, ಗಣಿತ ವಿಭಾಗವನ್ನು ಕಟ್ಟಿದ ರಿಚರ್ಡ್ ಕೂರಾಂಟ್ ಅವರಿಗೂ ಇದೇ ಗತಿಯಾಯಿತು. ನೊಬೆಲ್ ಪ್ರಶಸ್ತಿ ಪಡೆದಿದ್ದ ಜೇಮ್ಸ್ ಫ್ರಾಂಕ್ ಯುದ್ಧದಲ್ಲಿ ದುಡಿದವರೆಂಬ ರಿಯಾಯಿತಿಗೆ ಅರ್ಹರಾಗಿದ್ದರೂ ಅದನ್ನು ಬೇಡವೆಂದು ರಾಜೀನಾಮೆ ಕೊಟ್ಟರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮುಂದೆ ನಡೆದ ಘೋರ ಹತ್ಯಾಕಾಂಡ ಅನಿಲ ಕೊಠಡಿಗಳಿಂದ ಶುರುವಾಗಲಿಲ್ಲ. ಅದು ಶುರುವಾದದ್ದು ಒಂದು ಕಾನೂನಿನ ಕಲಮಿನಿಂದ, ಕಚೇರಿಯ ಒಂದು ಅರ್ಜಿ ನಮೂನೆಯಿಂದ, 'ಇವರು ನಮ್ಮವರಲ್ಲ' ಎಂಬ ಒಂದು ಷರಾದಿಂದ. ಸಹೋದ್ಯೋಗಿಗಳು ಬಹುಪಾಲು ಮೌನವಾಗಿದ್ದರು. ಖಾಲಿಯಾದ ಕುರ್ಚಿಗಳಲ್ಲಿ ಬೇರೆಯವರು ಕುಳಿತರು.

ರಾಮನ್ ಕಳಿಸಿದ ಕರೆ

ಬಾರ್ನ್ ಕುಟುಂಬ ಜರ್ಮನಿ ಬಿಟ್ಟು ಇಟಲಿಯ ಮೂಲಕ ಇಂಗ್ಲೆಂಡಿನ ಕೇಂಬ್ರಿಜ್ ಸೇರಿತು. ಅಲ್ಲಿ ಸಿಕ್ಕಿದ್ದು ತಾತ್ಕಾಲಿಕ ಕೆಲಸ. ಅದೇ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನರ ಬಾಯಲ್ಲಿ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಸಿಕೊಳ್ಳುವ ಸಂಸ್ಥೆಗೆ, ಸಿ.ವಿ. ರಾಮನ್ ನಿರ್ದೇಶಕರಾಗಿ ಬಂದಿದ್ದರು. ಆ ಹುದ್ದೆಗೇರಿದ ಮೊದಲ ಭಾರತೀಯ ಅವರು. ಯುರೋಪಿನಲ್ಲಿ ಬೀದಿಪಾಲಾಗಿದ್ದ ವಿದ್ವಾಂಸರನ್ನು ಬೆಂಗಳೂರಿಗೆ ಕರೆತಂದರೆ ಅವರಿಗೂ ನೆಲೆ, ಇಲ್ಲಿನ ವಿದ್ಯಾರ್ಥಿಗಳಿಗೂ ಲಾಭ ಎಂಬುದು ರಾಮನ್ ಲೆಕ್ಕಾಚಾರ. ಅವರ ಆಹ್ವಾನದ ಮೇರೆಗೆ ಬಾರ್ನ್ ಮತ್ತು ಅವರ ಪತ್ನಿ ಹೆಡ್ವಿಗ್ 1935ರ ಕೊನೆಯ ಭಾಗದಲ್ಲಿ ಬೆಂಗಳೂರಿಗೆ ಬಂದಿಳಿದರು. ಸುಮಾರು ಆರು ತಿಂಗಳು ಬಾರ್ನ್ ಇಲ್ಲಿ ಉಪನ್ಯಾಸ ಮಾಡಿದರು.

ಬಾರ್ನ್ ಅವರನ್ನು ಕಾಯಂ ಆಗಿ ಉಳಿಸಿಕೊಳ್ಳುವುದು ರಾಮನ್ ಆಸೆಯಾಗಿತ್ತು. ಅದಕ್ಕಾಗಿ ಗಣಿತೀಯ ಭೌತವಿಜ್ಞಾನದಲ್ಲಿ ಹೊಸ ಪ್ರಾಧ್ಯಾಪಕ ಪೀಠದ ಪ್ರಸ್ತಾಪವನ್ನು ಸಂಸ್ಥೆಯ ಪ್ರಾಧ್ಯಾಪಕರ ಸಭೆಯ ಮುಂದಿಟ್ಟರು. ಬಾರ್ನ್ ಕೂಡ ಆ ಸಭೆಯಲ್ಲಿ ಕುಳಿತಿದ್ದರು. ಆಗ ಇಂಗ್ಲೆಂಡಿನಿಂದ ಹೊಸದಾಗಿ ಬಂದಿದ್ದ ಆಸ್ಟನ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರು ಎದ್ದುನಿಂತು ಪ್ರಸ್ತಾಪವನ್ನು ವಿರೋಧಿಸಿದರು. ಸ್ವಂತ ದೇಶದಿಂದಲೇ ಓಡಿಸಲ್ಪಟ್ಟ ಎರಡನೆಯ ದರ್ಜೆಯ ವಿದೇಶೀಯ ಈ ಸಂಸ್ಥೆಗೆ ತಕ್ಕವನಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಬಾರ್ನ್ ದಂಪತಿ ಆ ಕುಟುಂಬಕ್ಕೆ ಬೆಂಗಳೂರಿನಲ್ಲಿ ಸಹಾಯ ಮಾಡಿದ್ದವರು ಬೇರೆ. ಆ ದಿನ ಮನೆಗೆ ಮರಳಿ ಹೆಂಡತಿಯ ಮುಂದೆ ಅತ್ತುಬಿಟ್ಟೆನೆಂದು ಬಾರ್ನ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಈ ಮಾತಿನಲ್ಲಿ 'ಯೆಹೂದಿ' ಎಂಬ ಶಬ್ದ ಇಲ್ಲ. ಧರ್ಮದ ನಿಂದೆ ಇಲ್ಲ. ಆದರೂ ಬರ್ಲಿನ್ನಿನಲ್ಲಿ ಬರೆದ ಷರಾ ಇಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡಿತ್ತು. ಹಿಟ್ಲರ್ ಓಡಿಸಿದ್ದಾನೆ, ಆದ್ದರಿಂದ ಇವನಲ್ಲೇ ಏನೋ ಕೊರತೆ ಇರಬೇಕು ಎಂಬುದು ಆ ತರ್ಕ. ಮೊದಲ ಪೆಟ್ಟು ಕೊಟ್ಟವನು ಸರ್ವಾಧಿಕಾರಿ. ಪೆಟ್ಟು ತಿಂದದ್ದನ್ನೇ ಅಪರಾಧವೆಂದು ಎಣಿಸಿ ಎರಡನೆಯ ಪೆಟ್ಟು ಕೊಡುವವರು ಮಾತ್ರ ಸಾಮಾನ್ಯವಾಗಿ ಸಭ್ಯರು, ವಿದ್ಯಾವಂತರು. ನಿರಾಶ್ರಿತರ ಚರಿತ್ರೆಯಲ್ಲಿ ಈ ಎರಡನೆಯ ಪೆಟ್ಟು ಮತ್ತೆ ಮತ್ತೆ ಕಾಣಿಸುತ್ತದೆ.

ಬಾರ್ನ್ ಬೆಂಗಳೂರಿನಲ್ಲಿ ಉಳಿಯಲಿಲ್ಲ. ಸಂಸ್ಥೆಯ ಒಳಗೆ ರಾಮನ್ ಆಡಳಿತದ ವಿರುದ್ಧ ಅಸಮಾಧಾನ ಹೊಗೆಯಾಡುತ್ತಿತ್ತು. 1936ರಲ್ಲಿ ಸರ್ ಜೇಮ್ಸ್ ಅರ್ವಿನ್ ನೇತೃತ್ವದ ಸಮಿತಿ ಸಂಸ್ಥೆಯ ಪರಿಶೀಲನೆ ನಡೆಸಿತು. ಮರುವರ್ಷ ರಾಮನ್ ನಿರ್ದೇಶಕ ಹುದ್ದೆ ಬಿಟ್ಟು, ಪ್ರಾಧ್ಯಾಪಕರಾಗಿಯಷ್ಟೇ ಮುಂದುವರಿದರು. ಬಾರ್ನ್ 1936ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಬೆಂಗಳೂರಿನ ಸಭೆಯಲ್ಲಿ 'ಎರಡನೆಯ ದರ್ಜೆ' ಎನಿಸಿಕೊಂಡ ಅವರಿಗೆ 1954ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದಿತು. ಚಿತ್ರಗೀತೆ ಪ್ರಿಯರಿಗೆ ಇನ್ನೊಂದು ಮಾಹಿತಿ: ಪ್ರಸಿದ್ಧ ಗಾಯಕಿ ಒಲಿವಿಯಾ ನ್ಯೂಟನ್-ಜಾನ್ ಅವರ ತಾಯಿ ಐರೀನ್ ಈ ಬಾರ್ನ್ ಅವರ ಮಗಳು.

ಬಾಗಿಲು ಮುಚ್ಚಿದ ಲೋಕ

ಬಾರ್ನ್ ಅವರಿಗೆ ವಿದ್ವತ್ತಿನ ಬಲವಿತ್ತು, ಜಗತ್ತಿನ ನಾನಾ ಕಡೆ ಸ್ನೇಹಿತರಿದ್ದರು. ಹೆಸರಿಲ್ಲದ ಲಕ್ಷಾಂತರ ಮಂದಿಯ ಪಾಡೇನು? 1938ರ ಜುಲೈಯಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳ ಪ್ರತಿನಿಧಿಗಳು ಸೇರಿ ನಿರಾಶ್ರಿತರ ಪ್ರಶ್ನೆಯನ್ನು ಚರ್ಚಿಸಿದರು. ಎಲ್ಲರೂ ಮರುಕ ಸೂಚಿಸಿದರು. ಹೆಚ್ಚು ಜನರಿಗೆ ಜಾಗ ಕೊಡಲು ಮುಂದೆ ಬಂದದ್ದು ಡೊಮಿನಿಕನ್ ಗಣರಾಜ್ಯ ಎಂಬ ಪುಟ್ಟ ದೇಶ ಮಾತ್ರ. ಅದೇ ವರ್ಷ ನವೆಂಬರ್ 9 ಮತ್ತು 10ರಂದು ಜರ್ಮನಿಯಲ್ಲಿ ಯೆಹೂದಿಗಳ ಪ್ರಾರ್ಥನಾ ಮಂದಿರಗಳು ಉರಿದವು, ಅಂಗಡಿಗಳ ಗಾಜು ಪುಡಿಯಾಯಿತು. ಸುಮಾರು 30,000 ಗಂಡಸರನ್ನು ಹಿಡಿದು ಶಿಬಿರಗಳಿಗೆ ತಳ್ಳಲಾಯಿತು.

1939ರ ಮೇ ತಿಂಗಳಲ್ಲಿ 'ಸೇಂಟ್ ಲೂಯಿ' ಎಂಬ ಹಡಗು 937 ಪ್ರಯಾಣಿಕರನ್ನು ಹೊತ್ತು ಹ್ಯಾಂಬರ್ಗ್‌ನಿಂದ ಕ್ಯೂಬಾಕ್ಕೆ ಹೊರಟಿತು. ಬಹುತೇಕ ಎಲ್ಲರೂ ಯೆಹೂದಿಗಳು. ಕ್ಯೂಬಾ ಬೆರಳೆಣಿಕೆಯ ಜನರನ್ನಷ್ಟೇ ಇಳಿಸಿಕೊಂಡಿತು. ಅಮೆರಿಕದ ದೀಪಗಳು ಕಾಣುವಷ್ಟು ಹತ್ತಿರ ಹೋದರೂ ಅಲ್ಲಿಯೂ ಪ್ರವೇಶ ಸಿಗಲಿಲ್ಲ. ಹಡಗು ಯುರೋಪಿಗೆ ಹಿಂತಿರುಗಿತು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್ ಅವರನ್ನು ಹಂಚಿಕೊಂಡವು. ಅವರ ಪೈಕಿ 254 ಮಂದಿ ಮುಂದೆ ಹಿಟ್ಲರನ ಹತ್ಯಾಕಾಂಡಕ್ಕೆ ಬಲಿಯಾದರೆಂದು ಸಂಶೋಧಕರು ಒಬ್ಬೊಬ್ಬರ ಜಾಡು ಹಿಡಿದು ಗುರುತಿಸಿದ್ದಾರೆ.

ಭಾರತದ ಬಾಗಿಲಿನ ಕೀಲಿಕೈ ಆಗ ಬ್ರಿಟಿಷರ ಬಳಿ ಇತ್ತು. ಇಲ್ಲಿ ಕೆಲಸ ಅಥವಾ ಹೊಣೆ ಹೊರುವವರು ಇದ್ದರೆ ಮಾತ್ರ ಪ್ರವೇಶ ಸುಲಭ. ರಾಷ್ಟ್ರೀಯ ನಾಯಕರಲ್ಲಿಯೂ ಒಮ್ಮತ ಇರಲಿಲ್ಲ. ನಿರಾಶ್ರಿತರಾದ ಯೆಹೂದಿ ತಜ್ಞರಿಗೆ ಭಾರತದಲ್ಲಿ ಅವಕಾಶ ಕೊಡಬೇಕೆಂದು ಜವಾಹರಲಾಲ್ ನೆಹರೂ ವಾದಿಸಿದರೆ, ಸುಭಾಷ್‌ಚಂದ್ರ ಬೋಸ್ ಇದನ್ನು ಒಪ್ಪಲಿಲ್ಲ. 1939ರಲ್ಲಿ ನೆಹರೂ ಅವರಿಗೆ ಬರೆದ ಪತ್ರದಲ್ಲಿ ತಮ್ಮ ಆಕ್ಷೇಪವನ್ನು ತಿಳಿಸಿದರು. ಗಾಂಧೀಜಿ 1938ರ ನವೆಂಬರ್ 26ರ 'ಹರಿಜನ' ಪತ್ರಿಕೆಯಲ್ಲಿ ಯೆಹೂದಿಗಳ ಕುರಿತು ಲೇಖನ ಬರೆದು ಅವರ ಸಂಕಟಕ್ಕೆ ಮರುಗಿದರು. ಅಹಿಂಸೆಯಿಂದಲೇ ಎದುರಿಸಬೇಕೆಂದು ಸಲಹೆ ಮಾಡಿದರು. ಆ ಸಲಹೆ ಹಿಟ್ಲರನ ಆಳ್ವಿಕೆಯಲ್ಲಿ ಫಲಿಸದೆಂದು ಯೆಹೂದಿ ಚಿಂತಕ ಮಾರ್ಟಿನ್ ಬೂಬರ್ ಮರುವರ್ಷ ಅವರಿಗೆ ದೀರ್ಘ ಪತ್ರ ಬರೆದರು.

ಮೈಸೂರಿನ ನೇಮಕ

ಇಂಥ ಹೊತ್ತಿನಲ್ಲಿ, 1939ರಲ್ಲಿ, ಮೈಸೂರು ಸಂಸ್ಥಾನ ಒಂದು ನೇಮಕ ಮಾಡಿತು. ಓಟೋ ಕೋನಿಗ್ಸ್‌ಬರ್ಗರ್ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಮ್ಯಾಕ್ಸ್ ಬಾರ್ನ್ ಅವರ ಸಹೋದರಿ ಕೇಥೆ ಇವರ ತಾಯಿ. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, ಅಲ್ಲಿಯೇ ವಾಸ್ತುಶಿಲ್ಪ ಕಲಿತ ಓಟೋ 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಗೆದ್ದರು. ಪ್ರಶಸ್ತಿ ಬಂದ ಅದೇ ವರ್ಷ, ಮಾವನನ್ನು ಹೊರಹಾಕಿದ ಅದೇ ಕಾನೂನು ಅಳಿಯನ ಸರಕಾರಿ ಕೆಲಸವನ್ನೂ ಕಿತ್ತುಕೊಂಡಿತು. ಅವರು ಈಜಿಪ್ಟಿಗೆ ಹೋಗಿ ಪುರಾತತ್ವ ಉತ್ಖನನಗಳಲ್ಲಿ ದುಡಿದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು.

ಬೆಂಗಳೂರಿನ ವಾಸ್ತವ್ಯದಲ್ಲಿ ಬಾರ್ನ್ ಅವರಿಗೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯವಾಗಿತ್ತು. ಅಳಿಯನ ನೇಮಕಕ್ಕೆ ದಾರಿಯಾದದ್ದು ಆ ಪರಿಚಯವೇ. ಮಿರ್ಜಾ ಅವರೂ ವಲಸೆ ಬಂದ ಮನೆತನದವರು. ಅವರ ತಾತ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬೆಂಗಳೂರಿಗೆ ಬಂದು ನೆಲೆಸಿದವರು. ನಗರದ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದು. ಹಿಂದೂ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್, ಅವರ ಬಾಲ್ಯದ ಸಹಪಾಠಿಯಾದ ಮುಸ್ಲಿಂ ದಿವಾನ, ಆ ದಿವಾನನ ಕೈಕೆಳಗೆ ಯೆಹೂದಿ ವಾಸ್ತುಶಿಲ್ಪಿ. 'ಅಶುದ್ಧ ರಕ್ತ'ದವರನ್ನು ಜರ್ಮನಿ ಹುಡುಕಿ ಹುಡುಕಿ ಹೊರಗಟ್ಟುತ್ತಿದ್ದ ದಿನಗಳಲ್ಲಿ ಮೈಸೂರಿನ ಆಡಳಿತ ಹೀಗಿತ್ತು.

ಕೋನಿಗ್ಸ್‌ಬರ್ಗರ್ ಸಂಸ್ಥಾನದ ಋಣವನ್ನು ಕೆಲಸದಲ್ಲಿ ತೀರಿಸಿದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ವಿಜ್ಞಾನ ಸಂಸ್ಥೆಯ ಊಟದ ಮನೆ ಮತ್ತು ಸಭಾಂಗಣ, ಅಲ್ಲಿನ ವಿಮಾನ ಎಂಜಿನಿಯರಿಂಗ್ ವಿಭಾಗದ ಕಟ್ಟಡ ಅವರ ವಿನ್ಯಾಸಗಳು. ಮಾವನನ್ನು ಬೇಡವೆಂದ ಸಂಸ್ಥೆಯ ಆವರಣದಲ್ಲೇ ಅಳಿಯ ಕಟ್ಟಡ ಕಟ್ಟಿದ. ಯುರೋಪಿನ ಮಾದರಿಯನ್ನು ಇಲ್ಲಿಗೆ ಎತ್ತಿ ತಂದಿಟ್ಟರೆ ಸಾಲದು, ಇಲ್ಲಿನ ಬಿಸಿಲು, ಗಾಳಿ, ಮಳೆಗೆ ತಕ್ಕ ಹಾಗೆ ಗೋಡೆ, ಕಿಟಕಿ, ನೆರಳು ಇರಬೇಕು ಎಂಬುದನ್ನು ಅವರು ಕಲಿತದ್ದು ಈ ನೆಲದಲ್ಲಿ. ಉಷ್ಣವಲಯದ ಕಟ್ಟಡಗಳ ಬಗ್ಗೆ ಅವರು ಇತರರೊಂದಿಗೆ ಬರೆದು 1974ರಲ್ಲಿ ಪ್ರಕಟಿಸಿದ ಕೈಪಿಡಿ ಭಾರತದ ವಾಸ್ತುಶಿಲ್ಪ ವಿದ್ಯಾರ್ಥಿಗಳ ಪಠ್ಯವಾಗಿ ಬಹುಕಾಲ ಬಳಕೆಯಾಯಿತು.

ಸ್ವಾತಂತ್ರ್ಯ ಬಂದಾಗ ದೇಶ ವಿಭಜನೆಯಾಗಿ ಲಕ್ಷಾಂತರ ಜನ ಮನೆಮಠ ಕಳೆದುಕೊಂಡರು. 1948ರಿಂದ 1951ರವರೆಗೆ ಭಾರತ ಸರಕಾರದ ವಸತಿ ನಿರ್ದೇಶಕರಾಗಿ ಆ ನಿರಾಶ್ರಿತರಿಗೆ ಸೂರು ಒದಗಿಸುವ ಹೊಣೆಯಲ್ಲಿ ಪಾಲುಗೊಂಡವರು ಇದೇ ಕೋನಿಗ್ಸ್‌ಬರ್ಗರ್. ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಗರ ಯೋಜನೆಯನ್ನು ರೂಪಿಸಿದವರೂ ಅವರೇ. ಆಮೇಲೆ ಲಂಡನ್ನಿನಲ್ಲಿ ನೆಲೆಸಿ, ಬಡ ದೇಶಗಳ ನಗರ ಯೋಜನೆಯನ್ನು ಬೋಧಿಸಿ, 1999ರಲ್ಲಿ ನಿಧನರಾದರು.

ಮತ್ತೆ ಅದೇ ಪಾಸ್‌ಪೋರ್ಟ್

1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಸಿಡಿಯಿತು. ಮ್ಯಾಕ್ಸ್ ಬಾರ್ನ್ ಅದೃಷ್ಟವಂತರು. ಯುದ್ಧ ಆರಂಭವಾಗುವ ಹಿಂದಿನ ದಿನ, ಆಗಸ್ಟ್ 31ರಂದು, ಅವರಿಗೆ ಬ್ರಿಟಿಷ್ ಪೌರತ್ವ ದೊರೆತಿತ್ತು. ಭಾರತದಲ್ಲಿದ್ದ ಯೆಹೂದಿ ನಿರಾಶ್ರಿತರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ಜರ್ಮನ್ ಪಾಸ್‌ಪೋರ್ಟು. 1914ರಲ್ಲಿ ಕರಾವಳಿಯ ಪಾದ್ರಿಗಳಿಗೆ ಆದದ್ದೇ ಈಗ ಇವರಿಗೂ ಆಯಿತು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರನ್ನು ಹಿಟ್ಲರನ ಪ್ರಜೆಗಳೆಂದು ಹಿಡಿದು, ನಾಜಿ ಬೆಂಬಲಿಗರ ಜತೆಯಲ್ಲೇ ಅಹಮದ್‌ನಗರದ ಶಿಬಿರಕ್ಕೆ ಕಳುಹಿಸಲಾಯಿತು. ಒಬ್ಬೊಬ್ಬರನ್ನೇ ವಿಚಾರಿಸಿ ಬಿಡುಗಡೆಗೆ ಶಿಫಾರಸು ಮಾಡಲು ಮಾಲ್ಕಂ ಡಾರ್ಲಿಂಗ್ ಎಂಬ ಅಧಿಕಾರಿಯ ಸಮಿತಿಯನ್ನು ನೇಮಿಸಬೇಕಾಯಿತು.

1941ರ ನವೆಂಬರಿನಲ್ಲಿ ಜರ್ಮನಿ ಇನ್ನೊಂದು ಆಜ್ಞೆ ಹೊರಡಿಸಿ, ದೇಶದ ಹೊರಗಿರುವ ಯೆಹೂದಿಗಳೆಲ್ಲರ ಪೌರತ್ವವನ್ನು ರದ್ದುಪಡಿಸಿತು. ಒಂದು ಸರಕಾರಕ್ಕೆ ಇವರು ಶತ್ರುವಿನ ಪ್ರಜೆಗಳು, ಮತ್ತೊಂದು ಸರಕಾರಕ್ಕೆ ಪ್ರಜೆಗಳೇ ಅಲ್ಲ. ಯುದ್ಧ ಎಂಬುದು ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ನೋಡುವ ವ್ಯವಧಾನವನ್ನು ಕಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹೀಗೆ ಬಂದವರು ಈ ದೇಶಕ್ಕೆ ಕೊಟ್ಟದ್ದು ಸಣ್ಣದಲ್ಲ. ಆಕಾಶವಾಣಿಯ ಪ್ರಸಾರ ಆರಂಭವಾಗುವ ಮುನ್ನ ಕೇಳಿಬರುವ ಪಿಟೀಲು-ತಂಬೂರಿಯ ಪರಿಚಿತ ನಾದವನ್ನು ಸಂಯೋಜಿಸಿದವರೆಂದು ಗುರುತಿಸಲಾಗುವ ವಾಲ್ಟರ್ ಕೌಫ್‌ಮನ್ ಜೆಕ್ ನಾಡಿನ ಯೆಹೂದಿ. 1934ರಲ್ಲಿ ಮುಂಬಯಿಗೆ ಬಂದ ಅವರು ಅಲ್ಲಿಯ ಆಕಾಶವಾಣಿಯಲ್ಲಿ ದುಡಿದರು. ಮಂಗಳೂರು ಆಕಾಶವಾಣಿಯನ್ನು ಕೇಳಿ ದಿನ ಆರಂಭಿಸುತ್ತಿದ್ದ ಕರಾವಳಿಯ ಎಷ್ಟೋ ಮನೆಗಳಿಗೆ ಒಬ್ಬ ನಿರಾಶ್ರಿತನ ಸ್ವರ ಹೀಗೆ ತಲುಪಿದೆ.

ಬದುಕಿ ಉಳಿದವರ ಮಾತು

1945ರಲ್ಲಿ ಯುದ್ಧ ಮುಗಿಯುವಾಗ ಯುರೋಪಿನ ಸುಮಾರು 60 ಲಕ್ಷ ಯೆಹೂದಿಗಳು ಹತರಾಗಿದ್ದರು. ರೋಮಾ ಜನಾಂಗದವರು, ಅಂಗವಿಕಲರು, ಸೋವಿಯತ್ ಯುದ್ಧಕೈದಿಗಳು, ರಾಜಕೀಯ ವಿರೋಧಿಗಳು ಲಕ್ಷ ಲಕ್ಷ ಸಂಖ್ಯೆಯಲ್ಲಿ ನಾಜಿಗಳ ಕೈಯಲ್ಲಿ ಸತ್ತರು. ಆಶ್ವಿಟ್ಜ್ ಶಿಬಿರ ಬಿಡುಗಡೆಯಾದ ಜನವರಿ 27ನ್ನು ವಿಶ್ವಸಂಸ್ಥೆ 2005ರಲ್ಲಿ ಹತ್ಯಾಕಾಂಡದ ಸ್ಮರಣೆಯ ದಿನವೆಂದು ಸಾರಿತು.

ಬಾರ್ನ್ ಅಣುಬಾಂಬಿನ ಕೆಲಸದಲ್ಲಿ ಪಾಲ್ಗೊಳ್ಳಲಿಲ್ಲ. ಅವರ ಶಿಷ್ಯರೂ ಸ್ನೇಹಿತರೂ ಅನೇಕರು ಆ ದಾರಿ ಹಿಡಿದಿದ್ದರು. ನಿವೃತ್ತಿಯ ಬಳಿಕ ಅವರು ಜರ್ಮನಿಗೇ ಹಿಂತಿರುಗಿದರು. ಅಲ್ಲಿಂದ ಅವರು ಯುದ್ಧದ ವಿರುದ್ಧ ದನಿಯೆತ್ತಿದರು. 1955ರ ಜುಲೈಯಲ್ಲಿ ಬರ್ಟ್ರಂಡ್ ರಸೆಲ್ ಮತ್ತು ಐನ್‌ಸ್ಟೈನ್ ಹೆಸರಿನಲ್ಲಿ ಹೊರಬಂದ ಅಣ್ವಸ್ತ್ರ ವಿರೋಧಿ ಹೇಳಿಕೆಗೆ ಸಹಿ ಹಾಕಿದ 11 ಮಂದಿಯಲ್ಲಿ ಬಾರ್ನ್ ಒಬ್ಬರು. 1957ರಲ್ಲಿ ಪಶ್ಚಿಮ ಜರ್ಮನಿಯ ಸೈನ್ಯಕ್ಕೆ ಅಣ್ವಸ್ತ್ರ ಬೇಡವೆಂದು 18 ವಿಜ್ಞಾನಿಗಳು ಗಾಟಿಂಗೆನ್ ಹೆಸರಿನಲ್ಲಿ ಘೋಷಣೆ ಹೊರಡಿಸಿದಾಗಲೂ ಅವರ ಸಹಿ ಇತ್ತು. ತಮ್ಮನ್ನು ಹೊರಗಟ್ಟಿದ ಊರಿನ ಹೆಸರನ್ನು ಶಾಂತಿಯ ಹೇಳಿಕೆಗೆ ಜೋಡಿಸಿದ ಅವರು 1970ರಲ್ಲಿ ಅದೇ ಗಾಟಿಂಗೆನ್‌ನಲ್ಲಿ ತೀರಿಕೊಂಡರು.

ಕರಾವಳಿಯ ಪಾಲು

ಇವೆಲ್ಲ ದೂರದ ಮಾತೆಂದು ಕರಾವಳಿಯವರು ಸುಮ್ಮನಿರುವಂತಿಲ್ಲ. ಹನ್ನೆರಡನೆಯ ಶತಮಾನದಲ್ಲೇ ಉತ್ತರ ಆಫ್ರಿಕದ ಅಬ್ರಹಾಂ ಬಿನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿ, ಅಶು ಎಂಬ ಇಲ್ಲಿನ ಹೆಣ್ಣನ್ನು ಕೈಹಿಡಿದು, ಕಂಚು-ಹಿತ್ತಾಳೆಯ ಪಾತ್ರೆ ಮಾಡಿಸಿ ಏಡನ್ ಬಂದರಿಗೆ ಕಳುಹಿಸುತ್ತಿದ್ದ. ಅವನ ಕಾಗದಪತ್ರಗಳು ಕೈರೋದ ಪುರಾತನ ಯೆಹೂದಿ ಮಂದಿರದಲ್ಲಿ ಸಿಕ್ಕಿವೆ. 1148ರಲ್ಲಿ ಸಿಸಿಲಿಯ ರಾಜ ಅವನ ಹುಟ್ಟೂರು ಮಹದಿಯಾವನ್ನು ವಶಪಡಿಸಿಕೊಂಡಾಗ ಅವನ ಒಡಹುಟ್ಟಿದವರು ಚದುರಿ ನಿರ್ಗತಿಕರಾದರು. 1149ರಲ್ಲಿ ಏಡನ್ ಸೇರಿದ ಆತ, ದೇವರು ಕೊಟ್ಟ ಗಳಿಕೆ ಎಲ್ಲರ ಜೀವನಕ್ಕೂ ಸಾಕು, ಬನ್ನಿ ಎಂಬರ್ಥದ ಪತ್ರವನ್ನು ಅವರಿಗೆ ಬರೆದ. ಸುಮಾರು ಹದಿನೇಳು ವರ್ಷ ಆತ ಮಲಬಾರ್-ತುಳುನಾಡಿನ ತೀರದಲ್ಲಿ ನೆಮ್ಮದಿಯಿಂದ ಗಳಿಸಿದ್ದನ್ನೇ ಯುದ್ಧಸಂತ್ರಸ್ತ ಬಂಧುಗಳಿಗೆ ಹಂಚಲು ಹೊರಟಿದ್ದ.

ಯೆಹೂದಿಗಳನ್ನು ಹಿಂಸಿಸದ ದೇಶ ಎಂಬ ಭಾರತದ ಹೆಮ್ಮೆಗೆ ಇಂಥ ಆಧಾರಗಳಿವೆ. 2008ರ ನವೆಂಬರ್ 26ರಂದು ಮುಂಬಯಿಗೆ ನುಗ್ಗಿದ ಭಯೋತ್ಪಾದಕರು ಆ ಹೆಮ್ಮೆಗೂ ಗುಂಡು ಹೊಡೆದರು. ಒಟ್ಟು 166 ಜನರನ್ನು ಕೊಂದ ಆ ದಾಳಿಯಲ್ಲಿ ಕೊಲಾಬಾದ ನಾರಿಮನ್ ಹೌಸ್ ಅನ್ನು ಗುರಿ ಮಾಡಿದ್ದು ಅದು ಯೆಹೂದಿಗಳ ಕೇಂದ್ರವೆಂಬ ಕಾರಣಕ್ಕೆ. ಅಲ್ಲಿ ಧರ್ಮಗುರು, ಅವರ ಪತ್ನಿ ಮತ್ತು ನಾಲ್ವರು ಪ್ರಾಣ ಕಳೆದುಕೊಂಡರು. ಆ ದಂಪತಿಯ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೊರಗೋಡಿ ಉಳಿಸಿದವಳು ಅದನ್ನು ಸಾಕುತ್ತಿದ್ದ ಭಾರತೀಯ ದಾದಿ. ಆ ಕಟ್ಟಡವನ್ನು ಬಿಡಿಸುವ ಕಾರ್ಯಾಚರಣೆಯಲ್ಲಿ ಗಜೇಂದರ್ ಸಿಂಗ್ ಬಿಷ್ಟ್, ತಾಜ್ ಹೋಟೆಲಿನಲ್ಲಿ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹುತಾತ್ಮರಾದರು.

ಇಂದು ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಸಾವಿರಾರು ಮಂದಿ ಇಸ್ರೇಲಿನಲ್ಲಿ ವೃದ್ಧರ, ರೋಗಿಗಳ ಆರೈಕೆ ಮಾಡಿ ಊರಿಗೆ ಹಣ ಕಳುಹಿಸುತ್ತಾರೆ. ಅದಕ್ಕಿಂತ ಹೆಚ್ಚಿನ ಮಂದಿ ಕುವೈಟ್, ದುಬಾಯಿ, ಸೌದಿಗಳಲ್ಲಿ ಅರಬರ ನಡುವೆ ದುಡಿಯುತ್ತಾರೆ. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಹತರಾಗಿ, ಸುಮಾರು 250 ಮಂದಿ ಒತ್ತೆಯಾಳುಗಳಾದಾಗ ಕರಾವಳಿಯ ಮನೆಗಳಲ್ಲಿ ಫೋನಿಗಾಗಿ ಕಾದು ಕುಳಿತರು. ಅದರ ಬೆನ್ನಿಗೆ ಇಸ್ರೇಲ್ ಗಾಜಾದ ಮೇಲೆ ಹೂಡಿದ ಯುದ್ಧದಲ್ಲಿ ಹತ್ತಾರು ಸಾವಿರ ಪ್ಯಾಲೆಸ್ಟೀನಿಯರು, ಅವರಲ್ಲಿ ಮಕ್ಕಳೂ ಹೆಂಗಸರೂ ಅಪಾರ ಸಂಖ್ಯೆಯಲ್ಲಿ, ಜೀವ ತೆತ್ತರು. ಒಂದು ಕಡೆಯ ಹೆಣಗಳನ್ನು ಎಣಿಸುವಾಗ ಮತ್ತೊಂದು ಕಡೆಯವನ್ನು ಮರೆಯುವುದು ಸ್ಮರಣೆಯಾಗದು. ಒಂದು ಸರಕಾರ ಹೂಡಿದ ಯುದ್ಧಕ್ಕಾಗಿ ಲೋಕದ ಯೆಹೂದಿಗಳೆಲ್ಲರನ್ನೂ, ಒಂದು ಉಗ್ರರ ಗುಂಪಿನ ಕೃತ್ಯಕ್ಕಾಗಿ ಪ್ಯಾಲೆಸ್ಟೀನಿಯರೆಲ್ಲರನ್ನೂ ಹೊಣೆ ಮಾಡುವುದು 1914ರ, 1933ರ, 1939ರ ಅದೇ ಹಳೆಯ ಷರಾ.

ಬಿಗಿಯಾದ ಮೇಷ್ಟ್ರನ್ನು 'ಹಿಟ್ಲರ್' ಎಂದು ತಮಾಷೆಗೆ ಕರೆಯುವುದು ಇಲ್ಲಿ ವಾಡಿಕೆ. ನಗರಗಳ ಪಾದಚಾರಿ ಹಾದಿಯ ಪುಸ್ತಕದಂಗಡಿಗಳಲ್ಲಿ ಅವನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಮಾರಾಟವಾಗುತ್ತದೆ. ಬಹುಶಃ ಅವನ ಬಲಿಪಶುಗಳು ಇಲ್ಲಿಯವರಲ್ಲ ಎಂಬ ಭಾವನೆ ಇದಕ್ಕೆ ಕಾರಣ. ಅವರಲ್ಲಿ ಕೆಲವರು ಬೆಂಗಳೂರಿನಲ್ಲಿ ಪಾಠ ಹೇಳಿದ್ದರು, ಕಟ್ಟಡ ಕಟ್ಟಿದ್ದರು, ಒಂದು ಸಭೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು ಎಂಬುದನ್ನು ಶಾಲೆಯ ಪಾಠಗಳು ತಿಳಿಸುವುದಿಲ್ಲ.

ಆ ಸಭೆಯಲ್ಲಿ ಆಸ್ಟನ್ ಅವರ ಮಾತಿಗೆ ಆಗಲೇ ತಕ್ಕ ಉತ್ತರ ಸಿಕ್ಕಿದ್ದರೆ ಬಾರ್ನ್ ಬೆಂಗಳೂರಿನಲ್ಲೇ ಉಳಿಯುತ್ತಿದ್ದರೇನೋ. ಮೂರು ವರ್ಷಗಳ ಬಳಿಕ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ ಬೇರೊಂದು ಕಡತದಲ್ಲಿ ಬೇರೆಯೇ ಉತ್ತರ ಬರೆಯಿತು. ಓಡಿಬಂದವನನ್ನು ಯಾರು ಓಡಿಸಿದರು ಎಂದು ಕೇಳದೆ, ಏನು ಬಲ್ಲೆ ಎಂದು ಕೇಳಿತು. ಬಸವನಗುಡಿಯ ಉದ್ಯಾನದಲ್ಲಿ ಸಂಜೆ ಹೊತ್ತು ಅಡ್ಡಾಡುವವರು ಆ ಉತ್ತರವನ್ನು ಕಣ್ಣಾರೆ ಕಾಣಬಹುದು.